ಅಂಗಡಿಯ ಕರೆಂಟ್ ಬಿಲ್ ಇಳಿಸಬೇಕು, ಮೊದಲು ಎಲ್ಲಿಗೆ ಕೈ ಹಾಕಲಿ?

ಸೀರೆಅಂಗಡಿ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು ಸೀರೆ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಕೆಳಗೊಂದು, ಮೇಲೊಂದು ಮಹಡಿ. ಬೇಸಿಗೆ ಬಂತು ಅಂದರೆ ಬಿಲ್ ನೋಡೋಕೇ ಭಯ. ಮನೆಗಾದರೆ ಗೃಹಜ್ಯೋತಿ ಇದೆ. ಅಂಗಡಿಗೆ ಅದೆಲ್ಲ ಇಲ್ಲ, ಮೊದಲ ಯೂನಿಟ್ಟಿನಿಂದಲೇ ಕಮರ್ಷಿಯಲ್ ರೇಟು.

ಪರಿಸ್ಥಿತಿ ಹೇಳುತ್ತೇನೆ. ಮುಂದುಗಡೆ ಪೂರ್ತಿ ಶಟರ್, ಬೆಳಿಗ್ಗೆ ಎತ್ತಿದರೆ ರಾತ್ರಿವರೆಗೂ ತೆರೆದೇ ಇರುತ್ತೆ, ಒಳಗೆ ಗಾಜಿನ ಬಾಗಿಲಿಲ್ಲ. ಕೆಳಗೆ ಎರಡು, ಮೇಲೆ ಒಂದು ಏಸಿ, ಮೂರೂ ಎರಡು ಟನ್ನಿನ ಹಳೇ ಮಾಲು. ಫಾಲ್ಸ್ ಸೀಲಿಂಗಿನಲ್ಲಿ 50 ವ್ಯಾಟಿನ ಹ್ಯಾಲೋಜನ್ ಫೋಕಸ್ ಲೈಟು 60 ಇವೆ. ಗೋಡೆ ಪಕ್ಕ ಹಳೇ ಚೋಕಿನ ಟ್ಯೂಬ್‌ಲೈಟು. ಹೊರಗೆ ದೊಡ್ಡ ಬೋರ್ಡು, ಅದರೊಳಗೂ ಟ್ಯೂಬುಗಳೇ.

ಮೊನ್ನೆ ಒಬ್ಬರು ಬಂದು ಪವರ್ ಸೇವರ್ ಅಂತ ಒಂದು ಡಬ್ಬಿ ತೋರಿಸಿ, ಪ್ಲಗ್ಗಿಗೆ ಹಾಕಿದರೆ ಸಾಕು ಬಿಲ್ ಮೂರನೇ ಒಂದು ಭಾಗ ಇಳಿಯುತ್ತೆ ಅಂದರು. ಇನ್ನೊಬ್ಬರು ಮೂರೂ ಏಸಿ ತೆಗೆದು ಇನ್ವರ್ಟರ್ ಏಸಿ ಹಾಕಿ ಅಂತ ಕೊಟೇಶನ್ ಕೊಟ್ಟು ಹೋಗಿದ್ದಾರೆ. ಗಾಜಿನ ಬಾಗಿಲು ಹಾಕೋಣ ಅಂದರೆ ಅಪ್ಪ ಒಪ್ಪುತ್ತಿಲ್ಲ, ಬಾಗಿಲು ಮುಚ್ಚಿದ ಅಂಗಡಿಗೆ ಹಳ್ಳಿಯಿಂದ ಬಂದವರು ಹತ್ತೋದೇ ಇಲ್ಲ ಅಂತಾರೆ. ದುಡ್ಡು ಎಲ್ಲದಕ್ಕೂ ಒಟ್ಟಿಗೆ ಇಲ್ಲ. ಯಾವುದರಿಂದ ಶುರು ಮಾಡಲಿ?

ವೈರಿಂಗ್_ಮೇಷ್ಟ್ರು
ಆ ಡಬ್ಬಿ ತಗೋಬೇಡಿ. ಬಿಚ್ಚಿ ನೋಡಿದ್ದೇನೆ, ಒಳಗೆ ಒಂದು ಸಣ್ಣ ಕೆಪಾಸಿಟರ್, ಒಂದು ಎಲ್‌ಇಡಿ ಬಲ್ಬು, ಅಷ್ಟೇ. ನಿಮ್ಮ ಮೀಟರ್ ಎಣಿಸುವುದು ನಿಜವಾಗಿ ಉರಿದ ಯೂನಿಟ್ಟನ್ನು. ಕೆಪಾಸಿಟರ್ ಹಾಕಿದ ಮಾತ್ರಕ್ಕೆ ಅದು ಕಡಿಮೆ ಆಗಲ್ಲ.

ಈಗ ಫೋಕಸ್ ಲೈಟಿನ ಲೆಕ್ಕ ನೋಡಿ. 60 ಲೈಟು, ಒಂದೊಂದು 50 ವ್ಯಾಟು, ಒಟ್ಟು 3000 ವ್ಯಾಟು. ದಿನಕ್ಕೆ ಹತ್ತು ಗಂಟೆ ಉರಿದರೆ 30 ಯೂನಿಟ್. ಅದೇ ಜಾಗಕ್ಕೆ 7 ವ್ಯಾಟಿನ ಎಲ್‌ಇಡಿ ಹಾಕಿದರೆ 4 ಯೂನಿಟ್ ಚಿಲ್ಲರೆ. ಯೂನಿಟ್ಟಿಗೆ 8 ರೂಪಾಯಿ ಅಂತ ಹಿಡಿದರೂ ದಿನಕ್ಕೆ 200 ರೂಪಾಯಿ, ತಿಂಗಳಿಗೆ 6000.

ಇಷ್ಟಕ್ಕೇ ಮುಗಿಯಲಿಲ್ಲ. ಹ್ಯಾಲೋಜನ್ ತಿನ್ನುವ ಕರೆಂಟಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಿಸಿಯಾಗಿಯೇ ಹೊರಗೆ ಬರುತ್ತೆ. ಒಂದು ಟನ್ನಿನ ಏಸಿ ಅಂದರೆ ಸುಮಾರು 3.5 ಕಿಲೋವ್ಯಾಟಿನಷ್ಟು ಬಿಸಿ ಹೊರಗೆ ಹಾಕುವ ಯಂತ್ರ. ನಿಮ್ಮ ಲೈಟುಗಳು ಒಳಗೆ 3 ಕಿಲೋವ್ಯಾಟಿನ ಒಲೆ ಹಚ್ಚಿಟ್ಟಿವೆ. ಆರು ಟನ್ನಿನಲ್ಲಿ ಒಂದು ಟನ್ ಹತ್ತಿರ ಬರೀ ಲೈಟಿನ ಬಿಸಿ ತೆಗೆಯುವುದಕ್ಕೇ ಹೋಗ್ತಿದೆ. ಮೊದಲು ಲೈಟು. ಏಸಿ ಕೊಟೇಶನ್ ಡ್ರಾಯರಿನಲ್ಲಿ ಇಡಿ.

ಕಿರಾಣಿ_ಹುಬ್ಬಳ್ಳಿ
ಮೇಷ್ಟ್ರೇ, ಕೆಪಾಸಿಟರ್ ಪೂರ್ತಿ ವ್ಯರ್ಥ ಅನ್ನಬೇಡ್ರಿ. ನಮ್ಮ ಕಾಕಾನ ಹಿಟ್ಟಿನ ಗಿರಣಿಗೆ ಕೆಪಾಸಿಟರ್ ಹಾಕಿಸಿದ ಮೇಲೆ ಬಿಲ್ ಇಳಿದಿದೆ. ಬಿಲ್ಲಿನಲ್ಲೇ ಪಿಎಫ್ ಅಂತ ಬರುತ್ತದ.

ವೈರಿಂಗ್_ಮೇಷ್ಟ್ರು
ಸರಿ, ಗಿರಣಿ ಬೇರೆ ವಿಷಯ. ಅಲ್ಲಿ ಮೋಟಾರು ದೊಡ್ಡದು, ಪವರ್ ಫ್ಯಾಕ್ಟರ್ (ಅದೇ ಪಿಎಫ್, ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) ಬಿದ್ದರೆ ಬಿಲ್ಲಿನಲ್ಲಿ ದಂಡ ಬೀಳುತ್ತೆ. ಕೆಪಾಸಿಟರ್ ಆ ದಂಡ ತಪ್ಪಿಸುತ್ತೆ. ಮೋಟಾರಿನ ಅಳತೆಗೆ ತಕ್ಕ ಕೆಪಾಸಿಟರ್ ಅದು, ಪ್ಲಗ್ಗಿಗೆ ಚುಚ್ಚುವ ಡಬ್ಬಿ ಅಲ್ಲ. ದಾವಣಗೆರೆಯ ಅಣ್ಣನ ಬಿಲ್ಲಿನಲ್ಲಿ ಪಿಎಫ್ ದಂಡ ಅಂತ ಸಾಲು ಇದ್ದರೆ ಹೇಳಲಿ, ಅದನ್ನು ಬೇರೆಯೇ ನೋಡೋಣ.

ಸೀರೆಅಂಗಡಿ_ದಾವಣಗೆರೆ
ಈಗಷ್ಟೇ ನೋಡಿದೆ ಸರ್, ದಂಡದ ಸಾಲು ಇಲ್ಲ.

ಮೈಸೂರು_ಬೊಟೀಕ್
ಎಲ್‌ಇಡಿ ಹಾಕಿ, ಆದರೆ ದಯವಿಟ್ಟು ಅಗ್ಗದ್ದು ಹಾಕಬೇಡಿ. ಇದನ್ನು ಯಾರೂ ಹೇಳಲ್ಲ. ಪೆಟ್ಟಿಗೆ ಮೇಲೆ ಸಿಆರ್‌ಐ ಅಂತ ಒಂದು ಅಂಕಿ ಇರುತ್ತೆ, 100ಕ್ಕೆ ಹತ್ತಿರ ಇದ್ದಷ್ಟೂ ಬಣ್ಣ ಇದ್ದ ಹಾಗೆ ಕಾಣುತ್ತೆ. ಹ್ಯಾಲೋಜನ್ ಹೆಚ್ಚುಕಡಿಮೆ 100. ಬೀದಿ ಬದಿ ಸಿಗುವ ಎಲ್‌ಇಡಿ 70, 80. ರೇಷ್ಮೆಗೆ 90ಕ್ಕಿಂತ ಮೇಲೇ ಇರಬೇಕು. ಇಲ್ಲದಿದ್ದರೆ ಕುಂಕುಮ ಬಣ್ಣ ಇಟ್ಟಿಗೆ ಬಣ್ಣ ಆಗುತ್ತೆ, ಮರೂನು ಕಂದಾಗುತ್ತೆ. ಜರಿಗಂತೂ ಕಳೆಯೇ ಇರಲ್ಲ. ಗ್ರಾಹಕರು ಮನೆಗೆ ಹೋಗಿ ನೋಡಿ ಬಣ್ಣ ಬೇರೆ ಅಂತ ವಾಪಸ್ ತರುತ್ತಾರೆ. ಬಹಳ ಅಂಗಡಿಯವರು ಎಲ್‌ಇಡಿ ಹಾಕಿಸಿ, ಬಣ್ಣ ಸರಿ ಬರಲಿಲ್ಲ ಅಂತ ಮತ್ತೆ ಹ್ಯಾಲೋಜನ್‌ಗೆ ಹೋಗಿದ್ದು ಇದೇ ಕಾರಣಕ್ಕೆ. ಬಿಳಿ ಬೆಳಕು ಬೇಡ, ಸ್ವಲ್ಪ ಬೆಚ್ಚಗಿನ ಬಣ್ಣ, ಅಂದರೆ 3000 ಕೆಲ್ವಿನ್ ಅಥವಾ 4000 (ಈ ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ), ರೇಷ್ಮೆಗೆ ಚೆನ್ನ.

ಇಳಕಲ್_ಪ್ರೇಮಿ
ನಾನಂತೂ ಯಾವ ಅಂಗಡಿಗೆ ಹೋದರೂ ಸೀರೆ ಬಾಗಿಲ ಹತ್ತಿರ ತಂದು ಬಿಸಿಲಿಗೆ ಹಿಡಿದು ನೋಡಿದ ಮೇಲೇ ತಗೊಳ್ಳೋದು.

ಮೈಸೂರು_ಬೊಟೀಕ್
ಇಳಕಲ್ ಅಕ್ಕ ಹೇಳಿದ್ದು ದೊಡ್ಡ ಮಾತು. ಎಲ್ಲರೂ ಹಾಗೇ ಮಾಡ್ತಾರೆ ಅಂದಮೇಲೆ ಹಗಲು ಬೆಳಕು ಬರುವ ಜಾಗದಲ್ಲೇ ಒಂದು ಟೇಬಲ್ ಹಾಕಿಬಿಡಿ. ಎಷ್ಟು ಅಂಗಡಿಗಳಲ್ಲಿ ಕಿಟಕಿಗೆ ಅಡ್ಡವಾಗಿ ರ್‍ಯಾಕ್ ಹೊಡೆಸಿ, ಮಧ್ಯಾಹ್ನ ಹನ್ನೆರಡಕ್ಕೆ ಲೈಟ್ ಹಾಕಿಕೊಂಡು ಕೂತಿರುತ್ತಾರೆ.

ವೈರಿಂಗ್_ಮೇಷ್ಟ್ರು
ಒಂದು ಮಾತು ಸೇರಿಸುತ್ತೇನೆ. ಸಣ್ಣ ಎರಡು ಕಡ್ಡಿಯ ಹ್ಯಾಲೋಜನ್ ಆಗಿದ್ದರೆ ಅದು 12 ವೋಲ್ಟಿನದು, ಮೇಲೆ ಸೀಲಿಂಗಿನಲ್ಲಿ ಟ್ರಾನ್ಸ್‌ಫಾರ್ಮರ್ ಕೂತಿರುತ್ತೆ. ಬಲ್ಬು ಮಾತ್ರ ಬದಲಾಯಿಸಿದರೆ ಎಲ್‌ಇಡಿ ಮಿಣಕ್ ಮಿಣಕ್ ಅನ್ನಬಹುದು, ಬೇಗ ಸುಟ್ಟೂ ಹೋಗಬಹುದು. ಟ್ರಾನ್ಸ್‌ಫಾರ್ಮರ್ ತೆಗೆಸಿ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡುವ ಸಣ್ಣ ಡಬ್ಬಿ) ಸಮೇತ ಹೊಸದು ಹಾಕಿಸಿ. ಮೊದಲು ಒಂದು ಸಾಲು ಹಾಕಿ ನೋಡಿ.

ನಕ್ಷೆ_ಬೆಂಗಳೂರು
ಲೈಟ್ ಸರಿ, ಆದರೆ ಅಸಲು ಸೋರಿಕೆ ಬಾಗಿಲಲ್ಲಿದೆ. ತಣ್ಣನೆ ಗಾಳಿ ಭಾರ, ನೆಲ ಹಿಡಿದು ಹೊರಗೆ ಹರಿದುಹೋಗುತ್ತೆ. ಅಷ್ಟೇ ಬಿಸಿ ಗಾಳಿ ಮೇಲುಗಡೆಯಿಂದ ಒಳಗೆ ಬರುತ್ತೆ. ಶಟರ್ ಪೂರ್ತಿ ತೆರೆದಿದ್ದರೆ ಆ ಏಸಿಗಳು ಒಂದು ನಿಮಿಷವೂ ಕಟ್ ಆಫ್ ಆಗಲ್ಲ. ಈ ಸ್ಥಿತಿಯಲ್ಲಿ ಇನ್ವರ್ಟರ್ ಏಸಿ ತಂದರೂ ಉಪಯೋಗ ಕಡಿಮೆ. ಇನ್ವರ್ಟರ್ ಉಳಿತಾಯ ಮಾಡೋದು ರೂಮು ತಣ್ಣಗಾದ ಮೇಲೆ ವೇಗ ತಗ್ಗಿಸಿ. ಇಲ್ಲಿ ತಣ್ಣಗಾಗುವುದೇ ಇಲ್ಲವಲ್ಲ.

ಏರ್ ಕರ್ಟನ್ ಅಂತ ಬಾಗಿಲ ಮೇಲೆ ಫ್ಯಾನಿನ ಪಟ್ಟಿ ಹಾಕ್ತಾರೆ. ಅದರ ಗಾಳಿ ನೆಲದವರೆಗೂ ಮುಟ್ಟಬೇಕು, ಬಾಗಿಲಿನ ಪೂರ್ತಿ ಅಗಲಕ್ಕೆ ಇರಬೇಕು. ಅರ್ಧ ಅಗಲಕ್ಕೆ ಹಾಕಿಸಿ, ಗಾಳಿಯನ್ನು ಒಳಗಡೆಗೆ ತಿರುಗಿಸಿ ಇಟ್ಟ ಅಂಗಡಿಗಳೇ ಜಾಸ್ತಿ. ಗಾಜಿನ ಬಾಗಿಲಿಗೆ ಅದು ಬದಲಿ ಅಲ್ಲ.

ಜರ್ಮನಿಯಲ್ಲಿ_ಧಾರವಾಡದವ
ಇಲ್ಲಿ 2022ರಲ್ಲಿ ಗ್ಯಾಸ್ ತೊಂದರೆ ಬಂದಾಗ ಸರ್ಕಾರವೇ ಆಜ್ಞೆ ಹೊರಡಿಸಿತು. ಸೆಪ್ಟೆಂಬರಿನಿಂದ ಅಂಗಡಿಗಳು ಹೀಟರ್ ಹಾಕಿಕೊಂಡು ಬಾಗಿಲು ಸದಾ ತೆರೆದಿಡುವಂತಿಲ್ಲ, ರಾತ್ರಿ ಜಾಹೀರಾತು ಬೋರ್ಡಿನ ದೀಪ ಆರಿಸಬೇಕು ಅಂತ. ಸ್ಪೇನ್‌ನಲ್ಲಿ ಅದೇ ವರ್ಷ ಆಗಸ್ಟಿನಲ್ಲಿ ಇನ್ನೂ ಬಿಗಿ: ಬೇಸಿಗೆಯಲ್ಲಿ ಅಂಗಡಿಯ ಏಸಿ 27 ಡಿಗ್ರಿಗಿಂತ ಕೆಳಗೆ ಇಡುವಂತಿಲ್ಲ, ರಾತ್ರಿ ಹತ್ತಕ್ಕೆ ಶೋಕೇಸ್ ದೀಪ ಬಂದ್. ಶುರುವಿನಲ್ಲಿ ನಮ್ಮ ಬೀದಿಯ ಅಂಗಡಿಯವರೂ ವ್ಯಾಪಾರ ಹೋಗುತ್ತೆ ಅಂತ ಗೊಣಗಿದರು. ಆಮೇಲೆ ಬಾಗಿಲಿಗೆ ‘ತೆರೆದಿದೆ, ಒಳಗೆ ಬನ್ನಿ’ ಅಂತ ಚೀಟಿ ಅಂಟಿಸಿದರು. ಜನ ಬಾಗಿಲು ತಳ್ಳಿಕೊಂಡು ಬಂದರು.

ಕಿರಾಣಿ_ಹುಬ್ಬಳ್ಳಿ
ಅಲ್ಲಿ ಎಲ್ಲರಿಗೂ ಒಂದೇ ಕಾನೂನು, ಹಾಗಾಗಿ ನಡೀತು. ಇಲ್ಲಿ ಇವರು ಒಬ್ಬರೇ ಬಾಗಿಲು ಹಾಕಿ ಪಕ್ಕದವರು ತೆರೆದು ಕೂತರೆ? ಹಳ್ಳಿಯಿಂದ ಮದುವೆ ಜವಳಿಗೆ ಬರುವವರು ಇಪ್ಪತ್ತು ಜನ ಒಟ್ಟಿಗೆ ಬರ್ತಾರ, ಹಿರಿಯರು ಚಪ್ಪಲಿ ಬಿಟ್ಟು ಹತ್ತುತ್ತಾರ. ಗಾಜಿನ ಬಾಗಿಲು ನೋಡಿದರೆ ಇಲ್ಲಿ ರೇಟು ಜಾಸ್ತಿ ಇರಬೇಕು ಅಂತ ಮುಂದೆ ಹೋಗೋದು ನಿಜ. ಅವರ ಅಪ್ಪ ಹೇಳಿದ್ದರಲ್ಲಿ ತಪ್ಪಿಲ್ಲ.

ನಕ್ಷೆ_ಬೆಂಗಳೂರು
ಒಪ್ಪುತ್ತೇನೆ ಅಣ್ಣ. ಅದಕ್ಕೊಂದು ದಾರಿ ಇದೆ. ಬಾಗಿಲನ್ನು ರಸ್ತೆಗೆ ಹಾಕಬೇಡಿ, ಹತ್ತು ಹನ್ನೆರಡು ಅಡಿ ಒಳಗೆ ಹಾಕಿ. ಮುಂದಿನ ಜಾಗ ತೆರೆದೇ ಇರಲಿ, ಅಲ್ಲಿ ಏಸಿ ಬೇಡ, ಒಳ್ಳೆ ಫ್ಯಾನು ಸಾಕು. ಲಂಗ, ಫಾಲ್, ರವಿಕೆ ಬಟ್ಟೆ, ದಿನ ಉಡುವ ಸೀರೆ ಎಲ್ಲ ಅಲ್ಲಿ. ಬಂದವರು ನಿಲ್ಲೋದು ಐದು ಹತ್ತು ನಿಮಿಷ. ಗಾಜಿನ ಆಚೆ ರೇಷ್ಮೆ, ಮದುವೆ ಜವಳಿ. ಅಲ್ಲಿ ಕೂತು ಎರಡು ಗಂಟೆ ಆರಿಸುತ್ತಾರೆ, ಅಲ್ಲಿಗೆ ಏಸಿ ಇರಲಿ. ಒಬ್ಬರು ಹುಡುಗರು ಗಾಜಿನ ಹತ್ತಿರ ನಿಂತು ಬನ್ನಿ ಅಮ್ಮ ಅಂತ ಕರೆದರೆ ಹಿರಿಯರೂ ಬರ್ತಾರೆ. ತಣ್ಣಗೆ ಮಾಡಬೇಕಾದ ಜಾಗವೇ ಕಡಿಮೆ ಆಗುತ್ತೆ, ಅದೇ ದೊಡ್ಡ ಉಳಿತಾಯ.

ಸೀರೆಅಂಗಡಿ_ದಾವಣಗೆರೆ
ಇದನ್ನು ಅಪ್ಪನಿಗೆ ಓದಿ ಹೇಳಿದೆ. ಮೊದಲ ಸಲ ಬೇಡ ಅನ್ನಲಿಲ್ಲ!

ಹಾಸನ_ಬೇಕರಿ
ನಡುವೆ ಬರ್ತಿದ್ದೇನೆ, ಕ್ಷಮಿಸಿ. ನಮಗೆ ಏಸಿ ಇಲ್ಲ, ಆದರೆ ಗಾಜಿನ ಬಾಗಿಲಿನ ಕೂಲ್‌ಡ್ರಿಂಕ್ಸ್ ಫ್ರಿಜ್ ಎರಡು, ಐಸ್‌ಕ್ರೀಂ ಡೀಪ್ ಫ್ರೀಜರ್ ಒಂದು, ಹಾಲು ಮೊಸರಿಗೆ ಒಂದು. ದಿನದ 24 ಗಂಟೆ ಓಡುತ್ತವೆ. ರಾತ್ರಿ ಆಫ್ ಮಾಡಬಹುದಾ?

ಕೋಟೆ_ಬೀದಿ
ಮಾಡಬೇಡಿ, ಬೆಳಿಗ್ಗೆ ಮತ್ತೆ ತಣ್ಣಗೆ ಮಾಡೋಕೆ ಅಷ್ಟೇ ಕರೆಂಟ್ ಎಳೆಯುತ್ತೆ. ಉಳಿದದ್ದೂ ಅಲ್ಲ, ಕಂಪ್ರೆಸರ್ರೂ ಹಾಳು.

ಫ್ರಿಜ್_ರಿಪೇರಿ_ತುಮಕೂರು
ಇದು ಎಲ್ಲರೂ ಹೇಳುವ ಮಾತು, ಆದರೆ ಸರಿಯಲ್ಲ. ಫ್ರಿಜ್ಜಿನೊಳಗೆ ಬಿಸಿ ನುಗ್ಗುವುದು ಒಳಗೂ ಹೊರಗೂ ಇರುವ ಅಂತರದ ಮೇಲೆ. ಆಫ್ ಮಾಡಿದಾಗ ಒಳಗೆ ನಿಧಾನವಾಗಿ ಬಿಸಿ ಏರುತ್ತೆ, ಅಂತರ ಕಡಿಮೆ ಆಗುತ್ತೆ, ನುಗ್ಗುವ ಬಿಸಿಯೂ ಕಡಿಮೆ ಆಗುತ್ತೆ. ಬೆಳಿಗ್ಗೆ ಒಂದಷ್ಟು ಹೊತ್ತು ಜೋರಾಗಿ ಓಡಿದರೂ ಒಟ್ಟು ಲೆಕ್ಕದಲ್ಲಿ ಉಳಿತಾಯವೇ. ಬಾಟಲಿ ನೀರು, ಸೋಡಾ, ತಂಪು ಪಾನೀಯ ಮಾತ್ರ ಇರುವ ಫ್ರಿಜ್ಜಿಗೆ ಟೈಮರ್ ಹಾಕಿ, ಅಂಗಡಿ ಮುಚ್ಚಿದಾಗ ಆಫ್, ತೆರೆಯೋಕೆ ಎರಡು ಮೂರು ಗಂಟೆ ಮೊದಲು ಆನ್. ಏನೂ ಕೆಡಲ್ಲ. ಕಂಪನಿಯವರು ಕೊಟ್ಟ ಫ್ರಿಜ್ ಆದರೆ ಅವರನ್ನು ಒಂದು ಮಾತು ಕೇಳಿ.

ಹಾಲು, ಮೊಸರು, ಕೆನೆ, ಕೇಕು, ಐಸ್‌ಕ್ರೀಂ ಇರುವುದನ್ನು ಮಾತ್ರ ಯಾವ ಕಾರಣಕ್ಕೂ ಆಫ್ ಮಾಡಬೇಡಿ. ಜನರ ಹೊಟ್ಟೆ ವಿಷಯ.

ಆಫ್ ಮಾಡೋದಕ್ಕಿಂತ ಮೊದಲು ಇದನ್ನು ಮಾಡಿ: ಫ್ರಿಜ್ಜಿನ ಕೆಳಗೆ ಅಥವಾ ಹಿಂದೆ ಜಾಲರಿ ಇರುತ್ತಲ್ಲ, ಕಂಡೆನ್ಸರ್, ಅದರಲ್ಲಿ ಧೂಳು ಕಂಬಳಿ ಹೊದ್ದಹಾಗೆ ಕೂತಿರುತ್ತೆ. ಬೇಕರಿಯಲ್ಲಂತೂ ಮೈದಾ ಹಿಟ್ಟೂ ಸೇರಿ ಗಟ್ಟಿಯಾಗಿರುತ್ತೆ. ಪ್ಲಗ್ ತೆಗೆದು ಬ್ರಶ್ಶಿನಲ್ಲಿ ಒರೆಸಿ. ನಾನು ರಿಪೇರಿಗೆ ಹೋದ ಕಡೆ ಗ್ಯಾಸ್ ಖಾಲಿಯಾಗಿದೆ ಅಂತ ಕರೆದಿರುತ್ತಾರೆ, ನೋಡಿದರೆ ಗ್ಯಾಸ್ ಇದೆ, ಉಸಿರು ಕಟ್ಟಿದೆ ಅಷ್ಟೇ. ಹಿಂದೆ ಗೋಡೆಗೆ ಒಂದು ಗೇಣು ಜಾಗ ಬಿಡಿ. ಒಲೆ, ಓವನ್ ಪಕ್ಕದಲ್ಲಿದ್ದರೆ ಸರಿಸಿ. ಬಾಗಿಲ ರಬ್ಬರಿಗೆ ಒಂದು ನೋಟು ಸಿಕ್ಕಿಸಿ ಎಳೆಯಿರಿ, ಸುಲಭವಾಗಿ ಬಂದರೆ ರಬ್ಬರ್ ಬದಲಾಯಿಸಿ. ಫ್ರೀಜರಿನಲ್ಲಿ ಮಂಜು ದಪ್ಪ ಕಟ್ಟಲು ಬಿಡಬೇಡಿ.

ಹಾಸನ_ಬೇಕರಿ
ನಮ್ಮ ಫ್ರೀಜರ್ ಓವನ್ ಗೋಡೆಗೇ ಅಂಟಿಕೊಂಡಿದೆ ಸರ್. ನಾಳೆಯೇ ಸರಿಸುತ್ತೇನೆ.

ಜಯನಗರ_ನಿವಾಸಿ
ಸಣ್ಣ ಅಂಗಡಿಯವರಿಗೇ ಯಾಕೆ ಎಲ್ಲ ಬುದ್ಧಿವಾದ? ಮಾಲ್‌ಗಳನ್ನು ನೋಡಿ, ಸ್ವೆಟರ್ ಹಾಕ್ಕೊಂಡು ಹೋಗಬೇಕು ಅಷ್ಟು ಚಳಿ. ಏಸಿ 24 ಡಿಗ್ರಿಗಿಂತ ಕೆಳಗೆ ಇಡಬಾರದು ಅಂತ ಕಾನೂನೇ ಇದೆ ಅಲ್ವಾ?

ನಕ್ಷೆ_ಬೆಂಗಳೂರು
ಇಲ್ಲ, ಅದನ್ನು ಬಹಳ ಜನ ಹಾಗೇ ತಿಳ್ಕೊಂಡಿದ್ದಾರೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ರೂಮ್ ಏಸಿಗಳು ಆನ್ ಮಾಡಿದ ಕೂಡಲೇ 24ಕ್ಕೆ ಬರಬೇಕು ಅಂತ ನಿಯಮ. ರಿಮೋಟಿನಲ್ಲಿ ಇಳಿಸಿಕೊಳ್ಳಬಹುದು. ಸ್ಟಾರ್ ಗುರುತು ಕೊಡುವ ಕೇಂದ್ರದ ಸಂಸ್ಥೆ ಬಿಇಇ ಹೇಳುವ ಪ್ರಕಾರ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಉಳಿಯುತ್ತೆ. ಮಾಲ್‌ನಂಥ ದೊಡ್ಡ ಕಟ್ಟಡಗಳಿಗೆ ಇಸಿಬಿಸಿ ಅಂತ ಕರೆಂಟ್ ಉಳಿತಾಯದ ಬೇರೆ ಸಂಹಿತೆ 2007ರಲ್ಲಿ ಬಂತು, 2017ರಲ್ಲಿ ಪರಿಷ್ಕರಿಸಿದರು. ಅದು ಹೊಸ ದೊಡ್ಡ ಕಟ್ಟಡಕ್ಕೆ. ಹಳೇ ಪೇಟೆ ಬೀದಿಯ ಸಾವಿರಾರು ಅಂಗಡಿ ಅದರೊಳಗೆ ಬರಲ್ಲ, ಅದಕ್ಕೇ ಇಲ್ಲಿ ನಾವೇ ಮಾತಾಡಿಕೊಳ್ಳಬೇಕು.

ಸೇಲ್ಸ್_ಗರ್ಲ್
ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಒಂದು ವಿಷಯ ಹೇಳಲೇಬೇಕು. ಮಾಲೀಕರು ಉಳಿತಾಯ ಅಂದ ಕೂಡಲೇ ಮೊದಲು ಆಫ್ ಆಗೋದು ನಮ್ಮ ತಲೆ ಮೇಲಿನ ಫ್ಯಾನು. ಗ್ರಾಹಕರು ಇಲ್ಲದ ಹೊತ್ತಿನಲ್ಲಿ ಏಸಿ ಆಫ್, ಫ್ಯಾನ್ ಆಫ್. ಶೋಕೇಸಿನ ಗೊಂಬೆ ಮೇಲೆ ಮಾತ್ರ ಆರು ಲೈಟು ಉರಿಯುತ್ತಲೇ ಇರುತ್ತೆ. ನಾವು ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತಿರ್ತೇವೆ. ಆ ಹ್ಯಾಲೋಜನ್ ಕೆಳಗೆ ಸೀರೆ ಮಡಚಿ ನೋಡಿ, ನೆತ್ತಿ ಸುಡುತ್ತೆ. ಮೇಷ್ಟ್ರು ಹೇಳಿದ 3 ಕಿಲೋವ್ಯಾಟ್ ಬಿಸಿ ನಮ್ಮ ಮೇಲೇ ಬೀಳೋದು. ದಯವಿಟ್ಟು ಲೈಟಿನಿಂದ ಶುರು ಮಾಡಿ, ಫ್ಯಾನಿನಿಂದ ಅಲ್ಲ.

ಕಾಸರಗೋಡು_ಕನ್ನಡತಿ
ತಂಗಿ, ನೂರಕ್ಕೆ ನೂರು ನಿಜ. ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದರೂ ಹೇಳ್ತೇನೆ. ನಮ್ಮ ಕೇರಳದಲ್ಲಿ 2018ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕಾನೂನಿನಲ್ಲೇ ಬಂತು, ತಮಿಳುನಾಡಿನಲ್ಲಿ 2021ರಲ್ಲಿ. ಜವಳಿ ಅಂಗಡಿಯ ಹೆಂಗಸರೇ ಹೋರಾಡಿ ತಂದದ್ದು. ದಾವಣಗೆರೆಯವರು ಅಂಗಡಿ ಸರಿ ಮಾಡುವಾಗ ನಾಲ್ಕು ಸ್ಟೂಲೂ ಹಾಕಲಿ.

ವೈರಿಂಗ್_ಮೇಷ್ಟ್ರು
ಫ್ಯಾನ್ ಆಫ್ ಮಾಡಿ ಉಳಿಯೋದು ಏನೂ ಇಲ್ಲ. ಹಳೇ ಫ್ಯಾನು 75 ವ್ಯಾಟು, ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30 ಆಸುಪಾಸು. ಫ್ಯಾನ್ ಓಡಿಸಿ ಏಸಿಯನ್ನು 26ಕ್ಕೆ ಇಟ್ಟರೆ 23ರಷ್ಟೇ ಹಿತ ಅನಿಸುತ್ತೆ. ಏಸಿ ಹಾಕಿದ ಮೇಲೆ ಫ್ಯಾನ್ ಬೇಡ ಅನ್ನೋ ಅಭ್ಯಾಸವೇ ದುಬಾರಿ.

ಲೆಕ್ಕಪತ್ರ_ಶಿವಮೊಗ್ಗ
ಯಾರೂ ಫಿಕ್ಸೆಡ್ ಚಾರ್ಜ್ ಬಗ್ಗೆ ಹೇಳಲಿಲ್ಲ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತೆ, ಒಂದೊಂದು ಕಿಲೋವ್ಯಾಟಿಗೂ ತಿಂಗಳು ತಿಂಗಳು ಕಟ್ಟಬೇಕು, ಅಂಗಡಿ ಮುಚ್ಚಿದ್ದರೂ ಸರಿ. ಲೈಟು ಬದಲಾದ ಮೇಲೆ ಎರಡೂವರೆ ಕಿಲೋವ್ಯಾಟ್ ಕಡಿಮೆ ಆಗುತ್ತಲ್ಲ. ಒಂದು ಬೇಸಿಗೆ ಕಳೆಯಲಿ, ಬಿಲ್ಲಿನಲ್ಲಿ ದಾಖಲಾದ ಗರಿಷ್ಠ ಬೇಡಿಕೆ (ಒಟ್ಟಿಗೆ ಎಳೆದ ಅತಿ ಹೆಚ್ಚು ಕಿಲೋವ್ಯಾಟ್) ನೋಡಿ, ಮಂಜೂರಾತಿ ಅದಕ್ಕಿಂತ ತುಂಬ ಮೇಲಿದ್ದರೆ ಲೋಡ್ ಇಳಿಸಲು ಅರ್ಜಿ ಹಾಕಿ. ತೀರಾ ಇಳಿಸಬೇಡಿ, ಮೀರಿದರೆ ದಂಡ.

ನಕ್ಷೆ_ಬೆಂಗಳೂರು
ಇದರಿಂದ ದುಡ್ಡು ಉಳಿಯುತ್ತೆ, ಕರೆಂಟ್ ಉಳಿಯಲ್ಲ. ಎರಡನ್ನೂ ಬೆರೆಸಬಾರದು.

ಲೆಕ್ಕಪತ್ರ_ಶಿವಮೊಗ್ಗ
ಬಾಗಿಲಿಗೆ ಗಾಜು ಹಾಕಿಸೋಕೆ ದುಡ್ಡು ಎಲ್ಲಿಂದ ಬರಬೇಕು ಸರ್? ಉಳಿದದ್ದರಿಂದಲೇ ತಾನೇ.

ಇಳಕಲ್_ಪ್ರೇಮಿ
ಮೇಲಿನ ಮಹಡಿ ತಾರಸಿ ಕೆಳಗೇ ಇದ್ದರೆ ತಾರಸಿಗೆ ಬಿಳಿ ಬಣ್ಣ ಹೊಡೆಸಿ. ನಮ್ಮ ಕಡೆ ಹಿಂದಿನಿಂದಲೂ ಸುಣ್ಣ ಬಳಿಯುತ್ತಾರೆ.

ನಕ್ಷೆ_ಬೆಂಗಳೂರು
ಹೌದು, ಒಳ್ಳೆ ಸಲಹೆ. ತೆಲಂಗಾಣ 2023ರಲ್ಲಿ ತಂಪು ಛಾವಣಿಗೆ ಅಂತಲೇ ನೀತಿ ತಂದಿದೆ. ಸುಣ್ಣ ಮಳೆಗೆ ತೊಳೆದು ಹೋಗುತ್ತೆ, ವರ್ಷ ವರ್ಷ ಬಳಿಯಬೇಕು.

ಕೋಟೆ_ಬೀದಿ
ರಾತ್ರಿ ಬೋರ್ಡು ಲೈಟು ಆರಿಸಿದರೆ ಕಳ್ಳರಿಗೆ ಅನುಕೂಲ. ಸಂಜೆ ದೀಪ ಹಚ್ಚೋ ಹೊತ್ತಿಗೆ ಅಂಗಡಿ ಕತ್ತಲೆ ಇರಬಾರದು, ಲಕ್ಷ್ಮಿ ಬರೋ ಹೊತ್ತು. ಅದನ್ನೂ ನೋಡಬೇಕಲ್ವಾ.

ಮೈಸೂರು_ಬೊಟೀಕ್
ಸಂಜೆ ದೀಪ ಬೇಕು, ನಾನೂ ಹಚ್ಚುತ್ತೇನೆ. ಅದು ಸಂಜೆ ಆರೂವರೆಯ ಮಾತು. ರಾತ್ರಿ ಎರಡು ಗಂಟೆಗೆ ಖಾಲಿ ರಸ್ತೆಗೆ ಬೋರ್ಡು ಯಾರಿಗೆ? ಟೈಮರ್ ಹಾಕಿ ಹತ್ತಕ್ಕೆ ಆರುವ ಹಾಗೆ ಮಾಡಿ. ಕಳ್ಳರ ಭಯಕ್ಕೆ ಶಟರ್ ಮುಂದೆ ಒಂದು ಸೆನ್ಸರ್ ಲೈಟು ಸಾಕು, ಯಾರಾದರೂ ಬಂದರೆ ಫಕ್ಕನೆ ಹತ್ತುತ್ತೆ, ಸದಾ ಉರಿಯುವ ಲೈಟಿಗಿಂತ ಅದಕ್ಕೇ ಕಳ್ಳ ಹೆದರೋದು.

ವೈರಿಂಗ್_ಮೇಷ್ಟ್ರು
ದಾವಣಗೆರೆ ಅಣ್ಣ, ಎರಡು ಕೆಲಸ, ಎರಡಕ್ಕೂ ದೊಡ್ಡ ಖರ್ಚಿಲ್ಲ. ಒಂದು, ನಿಮ್ಮಲ್ಲಿ ಬೆಳಿಗ್ಗೆ ಹುಡುಗ ಬಂದು ಮೀಟರ್ ಪೆಟ್ಟಿಗೆಯ ಎಂಸಿಬಿ ಸ್ವಿಚ್ ಎತ್ತಿದರೆ 60 ಲೈಟೂ ಒಟ್ಟಿಗೆ ಹತ್ತುತ್ತೆ ಅಂತ ನನ್ನ ಊಹೆ. ಬಹಳ ಅಂಗಡಿಯಲ್ಲಿ ವೈರಿಂಗೇ ಹಾಗಿರುತ್ತೆ. ಎಲ್‌ಇಡಿ ಹಾಕುವಾಗಲೇ ಸಾಲಿಗೊಂದು ಸ್ವಿಚ್ ಮಾಡಿಸಿ. ಮೇಲಿನ ಮಹಡಿಯಲ್ಲಿ ಗ್ರಾಹಕರಿಲ್ಲದಾಗ ಒಂದೇ ಸಾಲು ಸಾಕು. ಸ್ವಿಚ್ಚಿಗೆ ಬಣ್ಣದ ಸ್ಟಿಕ್ಕರ್ ಹಚ್ಚಿ: ಹಸಿರು ಯಾರು ಬೇಕಾದರೂ ಆರಿಸಬಹುದು, ಕೆಂಪು ಮುಟ್ಟಬಾರದು.

ಇನ್ನೊಂದು, ರಾತ್ರಿ ಎಲ್ಲ ಆರಿಸಿ ಶಟರ್ ಎಳೆಯುವ ಮುಂಚೆ ಮೀಟರ್ ನೋಡಿ. ಕೆಂಪು ಚುಕ್ಕೆ ಮಿನುಗುತ್ತಿರುತ್ತೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಅಂತ ಬರೆದಿರುತ್ತೆ, 1600 ಅಥವಾ 3200 ಹೀಗೆ. 1600ರ ಮೀಟರ್ ಆದರೆ 36 ಸೆಕೆಂಡಿನಲ್ಲಿ 16 ಸಲ ಮಿನುಗಿದರೆ ಒಂದು ಕಿಲೋವ್ಯಾಟ್ ಓಡ್ತಿದೆ ಅಂತ ಅರ್ಥ. 8 ಸಲ ಆದರೆ ಅರ್ಧ. ಎಲ್ಲ ಆಫ್ ಅಂದುಕೊಂಡ ಮೇಲೂ ಜೋರಾಗಿ ಮಿನುಗಿದರೆ ಏನೋ ಉಳಿದಿದೆ.

ಸೀರೆಅಂಗಡಿ_ದಾವಣಗೆರೆ
ನಿನ್ನೆ ರಾತ್ರಿ ನೋಡಿದೆ ಮೇಷ್ಟ್ರೇ. ನಮ್ಮದು 3200ರ ಮೀಟರು. ಎಲ್ಲ ಆರಿಸಿದ ಮೇಲೂ 36 ಸೆಕೆಂಡಿಗೆ 20ರ ಹತ್ತಿರ ಮಿನುಗಿತು. ಟಾರ್ಚ್ ಹಿಡಿದು ಹುಡುಕಿದೆವು. ಮೇಲಿನ ಮಹಡಿಯ ಕುಡಿಯುವ ನೀರಿನ ಕೂಲರ್ ಓಡ್ತಾ ಇತ್ತು, ಮೂರೂ ಏಸಿಯ ಸ್ಟೆಬಿಲೈಸರ್ ಆನ್ ಇದ್ದವು, ಸಿಸಿಟಿವಿ ಅಂತೂ ಇರಲೇಬೇಕು. ನೀರಿನ ಕೂಲರ್ ಆಫ್ ಮಾಡಿದ ಕೂಡಲೇ ಮಿನುಗು ಅರ್ಧಕ್ಕಿಂತ ಕೆಳಗೆ ಬಂತು. ಅಪ್ಪನೂ ಜೊತೆಗಿದ್ದರು. ಅವರೇ ಈಗ ಬೋರ್ಡಿನ ಟೈಮರ್ ಎಷ್ಟು ಅಂತ ಕೇಳ್ತಿದ್ದಾರೆ.

ಮೊದಲು ಹಿಂದಿನ ಭಾಗದ ಎರಡು ಸಾಲು ಲೈಟು, 90 ಸಿಆರ್‌ಐದು. ಗಾಜಿನ ಪಾರ್ಟಿಷನ್ ಮದುವೆ ಸೀಸನ್ ಮುಗಿದ ಮೇಲೆ. ಏಸಿ ಈ ವರ್ಷ ಬೇಡ. ಸ್ಟೂಲ್ ತರಿಸುತ್ತೇನೆ ಅಕ್ಕ. ಒಂದು ಪ್ರಶ್ನೆ ಉಳಿದಿದೆ: ನೀರಿನ ಕೂಲರ್ ಪ್ಲಗ್ಗಿಗೆ ಸಾದಾ ಟೈಮರ್ ಸಾಕಾ?

ಫ್ರಿಜ್_ರಿಪೇರಿ_ತುಮಕೂರು
16 ಆಂಪಿಯರಿನ ಟೈಮರ್ ತಗೊಳ್ಳಿ, ಕಂಪ್ರೆಸರ್ ಶುರುವಾಗುವಾಗ ಜೋರಾಗಿ ಎಳೆಯುತ್ತೆ, 6 ಆಂಪಿಯರಿನದು ಸುಟ್ಟು ಹೋಗುತ್ತೆ. ಕರೆಂಟ್ ಹೋಗಿ ಬಂದಾಗ ಸಮಯ ತಪ್ಪದಿರಲು ಒಳಗೆ ಬ್ಯಾಟರಿ ಇರುವುದನ್ನೇ ಕೇಳಿ.